ನಾಯಿ, ಬೆಕ್ಕಿನ ಸಾಮಾನನ್ನು ಎಲ್ಲಿಡಬೇಕು?

ಪ್ರಶ್ನೆ: ನಮ್ಮದು ಮೂರನೇ ಮಹಡಿಯಲ್ಲಿರುವ ಎರಡು ಮಲಗುವ ಕೋಣೆಗಳ ಫ್ಲ್ಯಾಟ್. ಬೀದಿಯಿಂದ ತಂದು ಸಾಕಿದ ಒಂದು ನಾಯಿ ಮತ್ತು ಒಂದು ಬೆಕ್ಕು ಇವೆ. ಆಹಾರದ ಚೀಲವನ್ನು ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಪಕ್ಕ ಇಟ್ಟಿದ್ದೇವೆ. ಮಳೆಗಾಲದಲ್ಲಿ ಅದಕ್ಕೆ ಮುಗ್ಗಲು ವಾಸನೆ ಬಂದು ನಾಯಿ ಮೂಸಿಯೂ ನೋಡುವುದಿಲ್ಲ. ಬೆಳಿಗ್ಗೆ ಹೊರಡುವಾಗ ಕುತ್ತಿಗೆಪಟ್ಟಿ ಸಿಗುವುದಿಲ್ಲ, ಔಷಧಿಗಳು ನಮ್ಮ ಮಾತ್ರೆಗಳ ಜೊತೆ ಬೆರೆತುಹೋಗಿವೆ. ಎಲ್ಲವನ್ನೂ ಒಂದೇ ಕಡೆ ಇಡಲು ಒಂದು ಕಪಾಟು ಮಾಡಿಸಬೇಕೆಂದಿದ್ದೇವೆ. ಹೇಗಿರಬೇಕು?
– ಓದುಗರು, ಬೆಂಗಳೂರು

ಉತ್ತರ: ಕಪಾಟನ್ನು ಈಗಲೇ ಮಾಡಿಸಬೇಡಿ. ಒಂದೇ ಕಡೆ ಇಡುವುದು ನೋಡಲು ಚೆಂದವಾದರೂ, ಕುತ್ತಿಗೆಪಟ್ಟಿ ಬೇಕಾಗುವುದು ಬಾಗಿಲ ಬಳಿ, ಆಹಾರ ಬೇಕಾಗುವುದು ಅಡುಗೆಮನೆಯ ಬಳಿ, ಔಷಧಿ ಇರಬೇಕಾದದ್ದು ಯಾರ ಬಾಯಿಗೂ ಎಟುಕದಲ್ಲಿ. ಮೊದಲು ಒಂದು ಭಾನುವಾರ ಹಾಲ್‌ನಲ್ಲಿ ಹಳೆಯ ಬೆಡ್‌ಶೀಟ್ ಹಾಸಿ, ಇರುವುದೆಲ್ಲವನ್ನೂ ಅದರ ಮೇಲೆ ಹರಡಿ. ಅವಧಿ ಮೀರಿದ ಹನಿಮದ್ದು, ಗಟ್ಟಿಯಾದ ಶಾಂಪೂ, ಮರಿಯಾಗಿದ್ದಾಗಿನ ಪಟ್ಟಿಗಳನ್ನು ತೆಗೆದುಹಾಕಿದ ಮೇಲೆ, ಕಪಾಟು ತುಂಬುವಷ್ಟು ಸಾಮಾನು ಉಳಿಯುವುದು ಅಪರೂಪ.

ಆಹಾರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಟ್ಟೆ ಒಗೆಯುವ, ಒಣಗಿಸುವ ಯುಟಿಲಿಟಿಯಷ್ಟು ತೇವದ ಜಾಗ ಫ್ಲ್ಯಾಟಿನಲ್ಲಿ ಬಹುಶಃ ಇನ್ನೊಂದಿರುವುದಿಲ್ಲ. ತೇವ ಕುಡಿದ ಕಾಳಿನಲ್ಲಾಗಲಿ ಒಣ ಆಹಾರದಲ್ಲಾಗಲಿ ಬೆಳೆಯುವ ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಅದು ನಾಯಿಯ ಯಕೃತ್ತನ್ನು ಕೆಡಿಸುತ್ತದೆ, ಬಿಸಿಲಿಗೆ ಹಾಕಿದರೂ ಬೇಯಿಸಿದರೂ ಪೂರ್ತಿ ನಾಶವಾಗುವುದಿಲ್ಲ. ಆದ್ದರಿಂದ ಮುಗ್ಗಲು ಹಿಡಿದ ಚೀಲವನ್ನು ಒಣಗಿಸಿ ಬಳಸುವ ಯೋಚನೆ ಬೇಡ, ಎಸೆದುಬಿಡಿ. ಹೊಸದನ್ನು ತಂದಾಗ ಡಬ್ಬಕ್ಕೆ ಸುರಿಯದೆ, ಚೀಲದ ಸಮೇತ ಬಿಗಿ ಮುಚ್ಚಳದ ಅಕ್ಕಿ ಡಬ್ಬದೊಳಗೆ ಇಳಿಸಿ, ಪ್ರತಿ ಸಲವೂ ಚೀಲದ ಬಾಯನ್ನು ಮಡಚಿ ಕ್ಲಿಪ್ ಹಾಕಿ. ಸುರಿದರೆ ಹಳೆಯ ಪುಡಿಯ ಜಿಡ್ಡು ಡಬ್ಬದ ತಳದಲ್ಲೇ ಉಳಿದು ಕಮಟು ಹಿಡಿಯುತ್ತದೆ, ಜೊತೆಗೆ ತಯಾರಿಕೆಯ ದಿನಾಂಕವೂ ಬ್ಯಾಚ್ ಸಂಖ್ಯೆಯೂ ಕಸದ ಬುಟ್ಟಿ ಸೇರುತ್ತವೆ. ಬಾಯಿ ತೆರೆದ ಚೀಲ ಒಂದು, ಹೆಚ್ಚೆಂದರೆ ಒಂದೂವರೆ ತಿಂಗಳಲ್ಲಿ ಮುಗಿಯುವಂತಿರಬೇಕು: ದಿನಕ್ಕೆ 250 ಗ್ರಾಂ ತಿನ್ನುವ ನಾಯಿಗೆ 10 ಕೆ.ಜಿ. ಚೀಲ 40 ದಿನ ಬರುತ್ತದೆ, 20 ಕೆ.ಜಿ. ಚೀಲದ ರಿಯಾಯಿತಿ ಅದಕ್ಕೆ ಲಾಭವಲ್ಲ. (ಆ ರಿಯಾಯಿತಿಗೆ ನಾನೂ ಒಮ್ಮೆ ಮರುಳಾಗಿ ಅರ್ಧ ಚೀಲ ಎಸೆದವನೇ.) ಡಬ್ಬ ನೆಲಕ್ಕೆ ತಾಗದಂತೆ ಮಣೆಯ ಮೇಲಿರಲಿ. ಚೆಲ್ಲಿದ ಕಾಳು ಇಲಿಗಳನ್ನು ಕರೆಯುತ್ತದೆ, ಇಲಿಯ ಮೂತ್ರದಿಂದ ಹರಡುವ ಇಲಿ ಜ್ವರ ನಾಯಿಗೂ ಬರುತ್ತದೆ, ಮನೆಯವರಿಗೂ ಬರುತ್ತದೆ.

ಔಷಧಿಗೆ ಎರಡು ಡಬ್ಬಿಗಳನ್ನು ಮಾಡಿ, ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ‘ನಾಯಿ’, ‘ಬೆಕ್ಕು’ ಎಂದು ಬರೆದು, ನಿಮ್ಮ ಮಾತ್ರೆಗಳಿಂದ ದೂರವಿಡಿ. ಇದನ್ನು ಅಚ್ಚುಕಟ್ಟಿಗಾಗಿ ಹೇಳುತ್ತಿಲ್ಲ. ನಾಯಿಯ ಉಣ್ಣಿಗೆಂದು ಬರುವ ಕೆಲವು ಹನಿಮದ್ದುಗಳಲ್ಲಿರುವ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿನ ಜೀವ ತೆಗೆಯಬಲ್ಲದು. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಸಾಕು, ಬೆಕ್ಕು ಸಾಯಬಹುದು. ನೆಲ ಒರೆಸುವ ಫಿನಾಯಿಲ್ ಕೂಡ ಅದೇ ಸಾಲಿಗೆ ಸೇರಿದ್ದು, ಏಕೆಂದರೆ ಒದ್ದೆ ನೆಲದ ಮೇಲೆ ನಡೆದ ಬೆಕ್ಕು ಆಮೇಲೆ ಕೂತು ತನ್ನ ಪಾದವನ್ನು ನೆಕ್ಕುತ್ತದೆ. ಲಸಿಕೆಯ ಪುಸ್ತಕಗಳೂ ಆಯಾ ಡಬ್ಬಿಯಲ್ಲೇ ಇರಲಿ.

ಮುಂಬಾಗಿಲಿನ ಹಿಂದೆ ನಾಯಿಗೆ ಎಟುಕದ ಎತ್ತರದಲ್ಲಿ ಎರಡು ಕೊಕ್ಕೆ ಹೊಡೆಸಿ, ಒಂದಕ್ಕೆ ಕುತ್ತಿಗೆಪಟ್ಟಿ ಮತ್ತು ಹಗ್ಗ, ಇನ್ನೊಂದಕ್ಕೆ ಹಳೆಯ ಪತ್ರಿಕೆಯ ತುಂಡುಗಳೂ ಕಾಲೊರೆಸುವ ಬಟ್ಟೆಯೂ ಇರುವ ಕೈಚೀಲ. ಬೆಳಗಿನ ಹುಡುಕಾಟ ಅಲ್ಲಿಗೆ ಮುಗಿಯಿತು.

ನಾಯಿಯ ಹಾಸಿಗೆಯನ್ನು ಗೋಡೆಗೆ ಒತ್ತರಿಸಿ ಹಾಕುವುದು ನಮ್ಮೆಲ್ಲರ ಅಭ್ಯಾಸ. ಆದರೆ ನಾಯಿಯ ಕಂದು ಉಣ್ಣಿ ರಕ್ತ ಕುಡಿದ ಮೇಲೆ ಮೈಯಿಂದ ಉದುರಿ, ಗೋಡೆ ಹತ್ತಿ, ಬಿರುಕಿನಲ್ಲೋ ಬಾಗಿಲ ಚೌಕಟ್ಟಿನ ಸಂದಿಯಲ್ಲೋ ಸಾವಿರಾರು ಮೊಟ್ಟೆಗಳನ್ನು ಇಡುತ್ತದೆ. ನಾಯಿಯ ಮೈಗೆ ಎಷ್ಟು ಔಷಧಿ ಹಾಕಿದರೂ ಉಣ್ಣಿ ಮತ್ತೆ ಮತ್ತೆ ಬರುವುದು ಇದರಿಂದಲೇ. ಹಾಸಿಗೆ ಗೋಡೆಯಿಂದ ಒಂದು ಗೇಣು ದೂರವಿರಲಿ, ಅದರ ಹೊದಿಕೆ ಬಿಚ್ಚಿ ಒಗೆಯುವಂಥದ್ದಾಗಿರಲಿ. ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಹತ್ತಿರದ ಬಿರುಕುಗಳನ್ನು ಮುಚ್ಚಿಸಿ.

ಬೆಕ್ಕಿಗೆ ನೆಲಕ್ಕಿಂತ ಎತ್ತರ ಮುಖ್ಯ. ಅದರ ತಟ್ಟೆಯನ್ನು ನಾಯಿಗೆ ಸಿಗದ ಹಲಗೆಯ ಮೇಲಿಡಿ. ಶೌಚದ ಟ್ರೇಯನ್ನು ಮಾತ್ರ ಯುಟಿಲಿಟಿಯಲ್ಲಿ ಮೆಷಿನ್ ಪಕ್ಕ ಇಡಬೇಡಿ: ಟ್ರೇಯಲ್ಲಿ ಕೂತಾಗ ಒಮ್ಮೆ ಮೆಷಿನ್ ಗಿರಗುಟ್ಟಿದರೆ ಸಾಕು, ಬೆಕ್ಕು ಮುಂದೆ ನಿಮ್ಮ ಸೋಫಾದ ಹಿಂದೆ ಜಾಗ ಹುಡುಕಿಕೊಳ್ಳುತ್ತದೆ.

ಪ್ರಶ್ನೆ: ಮಗಳು ಐದು ತಿಂಗಳ ಗರ್ಭಿಣಿ, ಏಳನೆಯ ತಿಂಗಳಿಗೆ ಬಾಣಂತನಕ್ಕೆಂದು ಇಲ್ಲಿಗೆ ಬರುತ್ತಾಳೆ. ಮನೆಯಲ್ಲಿ ಎರಡು ಬೆಕ್ಕುಗಳಿವೆ. ಬೀಗರು ಅವುಗಳನ್ನು ಯಾರಿಗಾದರೂ ಕೊಟ್ಟುಬಿಡಿ ಎನ್ನುತ್ತಿದ್ದಾರೆ. ಕೊಡಲೇಬೇಕೆ?
– ಗೃಹಿಣಿ, ದಾವಣಗೆರೆ

ಉತ್ತರ: ಕೊಡಬೇಕಾಗಿಲ್ಲ. ಬೀಗರ ಭಯಕ್ಕೆ ಆಧಾರವಿದೆ, ಪರಿಹಾರ ಮಾತ್ರ ಬೇರೆ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಬೆಕ್ಕಿನ ಮಲದಲ್ಲಿ ಹೊರಬೀಳಬಹುದು, ಗರ್ಭದಲ್ಲಿರುವ ಮಗುವಿಗೆ ಅದು ಅಪಾಯಕಾರಿ. ಆದರೆ ಹೊರಬಿದ್ದ ಕೂಡಲೇ ಅದಕ್ಕೆ ಸೋಂಕು ತಗುಲಿಸುವ ಶಕ್ತಿ ಇರುವುದಿಲ್ಲ, ಆ ಶಕ್ತಿ ಬರಲು 1ರಿಂದ 5 ದಿನ ಬೇಕು. ಟ್ರೇಯನ್ನು ಪ್ರತಿದಿನ ತಪ್ಪದೆ ಸ್ವಚ್ಛಗೊಳಿಸಿದರೆ ಅಪಾಯ ಬಹುಪಾಲು ತಪ್ಪುತ್ತದೆ. ಆ ಕೆಲಸವನ್ನು ನಿಮ್ಮ ಮಗಳು ಮಾಡದೆ ನೀವೋ ಯಜಮಾನರೋ ಕೈಗವಸು ಹಾಕಿಕೊಂಡು ಮಾಡಿ, ಕಸವನ್ನು ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ ಹಾಕಿ. ಹಿತ್ತಲಿನ ಸೊಪ್ಪಿನ ಮಡಿಗೆ ಗೊಬ್ಬರವೆಂದು ಖಂಡಿತ ಸುರಿಯಬೇಡಿ, ಮಣ್ಣಿನಲ್ಲಿ ಆ ಸೋಂಕು ತಿಂಗಳುಗಟ್ಟಲೆ ಉಳಿಯುತ್ತದೆ. ಸರಿಯಾಗಿ ಬೇಯದ ಮಾಂಸ ಮತ್ತು ತೊಳೆಯದ ತರಕಾರಿಯಿಂದಲೂ ಇದೇ ಸೋಂಕು ಬರುತ್ತದೆಂಬುದನ್ನು ಬೀಗರಿಗೆ ಮೆಲ್ಲಗೆ ತಿಳಿಸಬಹುದು. ಬೆಕ್ಕುಗಳಿಗೆ ಹಸಿ ಮಾಂಸ ಹಾಕುವುದನ್ನು ನಿಲ್ಲಿಸಿ, ಮನೆಯಲ್ಲಿ ಬೆಕ್ಕುಗಳಿವೆಯೆಂದು ಮಗಳು ತನ್ನ ವೈದ್ಯರಿಗೆ ಹೇಳಲಿ.

ಇನ್ನು ಜಾಗದ ವಿಷಯ. ಎರಡು ಬೆಕ್ಕಿಗೆ ಮೂರು ಟ್ರೇ ಎಂಬುದು ರೂಢಿಯ ಲೆಕ್ಕ. ಬಾಣಂತಿಯ ಕೋಣೆಯಾಗಲಿರುವಲ್ಲಿ ಈಗ ಟ್ರೇ ಇದ್ದರೆ, ಕೊನೆಯ ವಾರದವರೆಗೆ ಕಾಯದೆ ಈ ತಿಂಗಳೇ ದಿನಕ್ಕೆ ಒಂದೆರಡು ಅಡಿಯಂತೆ ಸರಿಸುತ್ತ ಹೊರಗೆ ತನ್ನಿ. ಒಮ್ಮೆಲೇ ಎತ್ತಿಟ್ಟರೆ ಬೆಕ್ಕು ಹಳೆಯ ಜಾಗಕ್ಕೇ ಹೋಗುತ್ತದೆ. ಆ ಕೋಣೆಗೆ ಜಾಲರಿಯ ಬಾಗಿಲು ಹಾಕಿಸಿದರೆ ಗಾಳಿಯೂ ಆಡುತ್ತದೆ, ಬೆಚ್ಚಗಿನ ತೊಟ್ಟಿಲು ಕಂಡ ಬೆಕ್ಕು ಅದರಲ್ಲಿ ಮಲಗುವುದೂ ತಪ್ಪುತ್ತದೆ.

ಪ್ರಶ್ನೆ: ನಾಯಿಯ ತಟ್ಟೆಗೆ ಇರುವೆ ಮುತ್ತುತ್ತದೆ, ಚರ್ಮದ ಪಟ್ಟಿಗೆ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಏನು ಮಾಡಬೇಕು?
– ಓದುಗರು, ಪುತ್ತೂರು

ಉತ್ತರ: ಸಕ್ಕರೆ ಡಬ್ಬಿಗೆ ನಿಮ್ಮ ಮನೆಯ ಹಿರಿಯರು ಮಾಡುತ್ತಿದ್ದ ಉಪಾಯವೇ ಸಾಕು: ಅಗಲವಾದ ತಟ್ಟೆಯಲ್ಲಿ ನೀರು ಹಾಕಿ, ನಡುವೆ ನಾಯಿಯ ಬಟ್ಟಲನ್ನಿಡಿ. ಅರ್ಧ ಗಂಟೆಯಲ್ಲಿ ತಿನ್ನದೆ ಬಿಟ್ಟದ್ದನ್ನು ಎತ್ತಿಬಿಡಿ. ಸುತ್ತಲೂ ಇರುವೆಪುಡಿ ಹಾಕಬೇಡಿ, ನಾಯಿ ನೆಲವನ್ನೂ ನೆಕ್ಕುತ್ತದೆ. ಕರಾವಳಿಯ ಮಳೆಗೆ ಚರ್ಮಕ್ಕಿಂತ ನೈಲಾನ್ ಪಟ್ಟಿ ವಾಸಿ. ಚರ್ಮದ್ದೇ ಬೇಕೆಂದರೆ ಮುಚ್ಚಿದ ಕಪಾಟಿನಲ್ಲಿಡದೆ ಗಾಳಿಯಾಡುವಲ್ಲಿ ತೂಗುಹಾಕಿ. ನಾಯಿಯ ಬಟ್ಟೆಬರೆಯ ನಡುವೆ ನುಸಿಗುಳಿಗೆ ಇಡುವವರಿದ್ದಾರೆ. ಆ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ನುಂಗಿದರೆ ನಾಯಿಗೂ ಬೆಕ್ಕಿಗೂ ವಿಷ.

ಪ್ರಶ್ನೆ: ಗಿಳಿಯ ಪಂಜರವನ್ನು ಮನೆಯಲ್ಲಿ ಎಲ್ಲಿ ತೂಗುಹಾಕಬೇಕು?
– ಓದುಗರು, ಧಾರವಾಡ

ಉತ್ತರ: ನಮ್ಮ ತೋಟಗಳಿಗೆ ಬರುವ ಹಸಿರು ಗಿಳಿಯಾದರೆ ಎಲ್ಲಿಯೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದನ್ನು ಪಂಜರದಲ್ಲಿಡುವುದು ಅಪರಾಧ. ಬಹುಕಾಲ ಪಂಜರದಲ್ಲಿದ್ದ ಹಕ್ಕಿ ಬಯಲಿಗೆ ಬಿಟ್ಟರೆ ಬದುಕುವುದು ಕಷ್ಟವಾದ್ದರಿಂದ, ನೀವೇ ಹಾರಿಬಿಡದೆ ಅರಣ್ಯ ಇಲಾಖೆಗೆ ಒಪ್ಪಿಸಿ. ನಿಮ್ಮದು ಅಂಗಡಿಯಲ್ಲಿ ಸಿಗುವ ಬಡ್ಜಿ ಹಕ್ಕಿಯಾಗಿದ್ದರೆ, ನೇರ ಬಿಸಿಲೂ ಗಾಳಿಯ ಸುಳಿಯೂ ತಾಗದ, ಮನೆಮಂದಿ ಕೂರುವ ಹಾಲ್‌ನ ಒಂದು ಮೂಲೆಯಲ್ಲಿ, ಕಣ್ಣಿನ ಮಟ್ಟಕ್ಕೆ ತೂಗುಹಾಕಿ. ಅಡುಗೆಮನೆಯಿಂದ ಮಾತ್ರ ದೂರವಿರಲಿ: ಒಲೆಯ ಮೇಲೆ ಮರೆತು ಅತಿಯಾಗಿ ಕಾದ ನಾನ್‌ಸ್ಟಿಕ್ ತವೆಯ ಹೊಗೆ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು.