20 ದಿನದ ಲೆಕ್ಕ ಬಿಟ್ಟುಬಿಡಿ

ಡಿಸೆಂಬರಿನಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಕಾಸರಗೋಡಿನಿಂದ ಕನ್ಯಾಕುಮಾರಿಗೆ, 20 ದಿನದಲ್ಲಿ ಮುಟ್ಟಲು ದಿನಕ್ಕೆಷ್ಟು ಕಿಲೋಮೀಟರ್ ಎಂದು ಕೇಳಿದ್ದೀರಿ. ನಾನೂ ಹೀಗೇ ದಿನಕ್ಕೊಂದು ಬಂದರು ಬರೆದಿಟ್ಟುಕೊಂಡು ಹೊರಟಿದ್ದೆ.

ಮೊದಲ ದಿನ ಕಾಸರಗೋಡಿನ ಚಂದ್ರಗಿರಿ ಅಳಿವೆಯಿಂದ (ಹೊಳೆ ಕಡಲು ಸೇರುವ ಬಾಯಿ) ಕಣ್ಣೂರಿನ ಹತ್ತಿರದ ಅಳೀಕ್ಕಲ್ ಬಂದರಿಗೆ, ಸುಮಾರು 65 ಕಿ.ಮೀ. ಗಂಟೆಗೆ ಐದೂವರೆಯಂತೆ 12 ಗಂಟೆ ಸಾಕೆಂದುಕೊಂಡೆ. ಗಾಳಿ 12 ಗಂಟೆ ಇರಬೇಕಲ್ಲ! ಚಳಿಗಾಲದಲ್ಲಿ ನಮ್ಮ ಕಡಲಿಗೆ ರಾತ್ರಿಯಿಂದ ಬೆಳಗಿನವರೆಗೆ ನೆಲದ ಕಡೆಯಿಂದ ಮೂಡುಗಾಳಿ. ಬಿಸಿಲೇರಿದಂತೆ ಅದು ನಿಲ್ಲುತ್ತದೆ. ಮಧ್ಯಾಹ್ನ ವಾಯವ್ಯದಿಂದ ಕಡಲಗಾಳಿ ಏಳುವವರೆಗೆ ಹಾಯಿ ಜೋತುಬಿದ್ದಿರುತ್ತದೆ. ತೆಂಕಿಗೆ ಹೋಗುವವರಿಗೆ ಬೆಳಗಿನ ಆ ಗಾಳಿಯೇ ಬಂಗಾರ. ಪಕ್ಕದಿಂದ ಬೀಸುತ್ತದೆ, ಅಲೆ ಎಬ್ಬಿಸುವುದಿಲ್ಲ. ನಾನು ಹೊರಟದ್ದು 8 ಗಂಟೆಗೆ. ನಾಲ್ಕು ಗಂಟೆಯ ಒಳ್ಳೆ ಗಾಳಿ ನಿದ್ದೆಯಲ್ಲಿ ಹೋಯಿತು, ನಡುಹಗಲಿನ ಎರಡೂವರೆ ಗಂಟೆ ನಿಂತಲ್ಲೇ ಹೋಯಿತು.

ಸಂಜೆ ನಾಲ್ಕೂವರೆಗೆ ನೀಲೇಶ್ವರದ ಅಳಿವೆ ಎದುರಿಗೇ ಇತ್ತು. ಒಳಗೆ ತಿರುಗಬೇಕಿತ್ತು. ಬರೆದಿಟ್ಟದ್ದು ಅಳೀಕ್ಕಲ್ ಆದ್ದರಿಂದ ತಿರುಗಲಿಲ್ಲ. ನಾನು ಮಾಡಿದ ತಪ್ಪು ಇದೊಂದೇ, ಮಿಕ್ಕದ್ದೆಲ್ಲ ಅದರ ಬೆನ್ನಿಗೆ ಬಂದದ್ದು. ಕಡಲಿಗೆ ಚಾಚಿದ ಏಳಿಮಲೆ ಗುಡ್ಡ ಸುತ್ತುವಾಗಲೇ ಕತ್ತಲು. ಅಳೀಕ್ಕಲ್ ಮುಟ್ಟಿದಾಗ ರಾತ್ರಿ 11, ಅಲ್ಲಿ ಕಡಲು ಸೇರುವ ವಳಪಟ್ಟಣ ಹೊಳೆಯಲ್ಲಿ ಇಳಿತ. ಹೊರಗೆ ಹರಿಯುವ ನೀರಿಗೆ ಕಡಲಿನ ಅಲೆ ಎದುರಾದರೆ ಅಲೆ ಕಡಿದಾಗಿ ನಿಂತು ಅಳಿವೆ ಬಾಗಿಲಲ್ಲೇ ಒಡೆಯುತ್ತದೆ. ಹೊರಗೆ ಲಂಗರು ಹಾಕಿ ಭರತಕ್ಕೆ, ಅಂದರೆ ನೀರೇರುವ ಹೊತ್ತಿಗೆ, ಕಾಯಬೇಕೆಂದು ನನಗೆ ಗೊತ್ತಿತ್ತು. ಆದರೆ 15 ಗಂಟೆ ಒಬ್ಬನೇ ಚುಕ್ಕಾಣಿ ಹಿಡಿದ ಮೇಲೆ ತಲೆ ಓಡಲಿಲ್ಲ, ನುಗ್ಗಿಸಿದೆ. ಚುಕ್ಕಾಣಿ ಮರಳದಿಬ್ಬಕ್ಕೆ ಬಡಿದು ಕಿತ್ತುಹೋಯಿತು. ಮೀನಿಗೆ ಹೊರಟಿದ್ದ ದೋಣಿಯವರು ಹಗ್ಗ ಎಸೆದು ಎಳೆದುಕೊಂಡರು. ಇಲ್ಲದಿದ್ದರೆ ದೋಣಿ ತಡೆಗೋಡೆಯ ಕಲ್ಲಿಗೆ ಬಡಿದು ಚೂರಾಗುತ್ತಿತ್ತು.

ಆದ್ದರಿಂದ ಕಿಲೋಮೀಟರ್ ಕೇಳಬೇಡಿ. ಬೆಳಿಗ್ಗೆ 4ಕ್ಕೆ ಹೊರಡಿ, ಸಂಜೆ 4ರೊಳಗೆ ಬೆಳಕಿರುವಾಗಲೇ ಯಾವುದಾದರೊಂದು ಅಳಿವೆಯೊಳಗಿರಿ. ಆ ದಿನ 30 ಕಿ.ಮೀ. ಆದರೂ ಸರಿ, ಹತ್ತಾದರೂ ಸರಿ. ಅಳಿವೆಯ ಭರತ-ಇಳಿತದ ಹೊತ್ತು ಹಿಂದಿನ ರಾತ್ರಿಯೇ ನೋಡಿಟ್ಟುಕೊಳ್ಳಿ. ಡಿಸೆಂಬರ್ ಅರ್ಧ ಕಳೆಯುವ ಮೊದಲು ಹೊರಡಲೇಬೇಡಿ. ಓಖಿ ಚಂಡಮಾರುತ ಬಂದದ್ದು 2017ರ ನವೆಂಬರ್ ಕೊನೆಗೆ, ಅದೂ ನೀವು ಹೋಗಬೇಕೆಂದಿರುವ ಕನ್ಯಾಕುಮಾರಿಯ ಕಡಲಿನಲ್ಲೇ. ಕನ್ಯಾಕುಮಾರಿಯ ಆಸೆಯನ್ನೂ ಈ ವರ್ಷಕ್ಕೆ ಬಿಡಿ. ಆ ಮೂಲೆಯಲ್ಲಿ ಚಳಿಗಾಲದ ಈಶಾನ್ಯದ ಗಾಳಿ ಜೋರು, ಒಬ್ಬರೇ ಇರುವಾಗ ಅದು ಬೇಡ. ಅದಕ್ಕೂ ಮೊದಲೇ, ತಿರುವನಂತಪುರದ ಹತ್ತಿರದ ವಿಳಿಞ್ಞದಲ್ಲಿ ನಿಲ್ಲಿಸಿ. ವಾಪಸು ಬರುವ ರೈಲಿಗೆ ಮುಂಗಡ ಟಿಕೆಟ್ ಮಾಡಿಸಬೇಡಿ.

ಮರುವರ್ಷ ಅಳೀಕ್ಕಲ್ ಮುಟ್ಟಲು ನನಗೆ ಮೂರು ದಿನ ಹಿಡಿಯಿತು. ಅದರಲ್ಲಿ ಒಂದಿಡೀ ದಿನ ನೀಲೇಶ್ವರದ ಅಳಿವೆಯೊಳಗೆ ಕೂತು ಹಾಯಿ ಹೊಲಿದೆ.