ಗೇಟಿನವರೆಗೆ ತಳ್ಳಬಹುದು, ಗ್ಯಾರೇಜಿನವರೆಗೆ ಎಳೆಯಬೇಡಿ

ಸರ್, ಪುಣೆಯ ಕೋಥ್ರೂಡ್‌ನ ಸೊಸೈಟಿಯಲ್ಲಿ ಇಂಜಿನ್ ಕೆಟ್ಟು, ಬ್ಯಾಟರಿಯೂ ಇಳಿದು, ಗೇರ್ ಲಿವರ್ 'ಪಿ'ಯಲ್ಲೇ (ಪಾರ್ಕ್) ಸಿಕ್ಕಿಕೊಂಡಿರುವ ಆಟೋಮ್ಯಾಟಿಕ್ ಕಾರನ್ನು ಗೇಟಿನವರೆಗೆ ತಳ್ಳುವುದು ಹೇಗೆ ಅಂತ ಕೇಳಿದ್ದೀರಿ. ಜಾಗ ಸಮತಟ್ಟಾಗಿದ್ದರೆ ತಳ್ಳಬಹುದು.

ಮೊದಲು ಹ್ಯಾಂಡ್‌ಬ್ರೇಕ್ ಎಳೆಯಿರಿ. ಸುಮಾರು ಕಾರುಗಳಲ್ಲಿ ಲಿವರ್ ಪಕ್ಕ ಸಣ್ಣ ಮುಚ್ಚಳ ಇರುತ್ತದೆ. ಅದನ್ನು ತೆಗೆದು, ಬ್ರೇಕ್ ತುಳಿದು, ಒಳಗಿನ ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತುತ್ತಾ ಲಿವರನ್ನು 'ಎನ್'ಗೆ (ನ್ಯೂಟ್ರಲ್) ತನ್ನಿ. ಸ್ಟೇರಿಂಗ್ ಲಾಕ್ ಬಿಡಿಸಲು ಕೀ ತಿರುಗಿಸಿ. ತಳ್ಳುವ ಮುಂಚೆ ಹ್ಯಾಂಡ್‌ಬ್ರೇಕ್ ಇಳಿಸಿ.

ಇಂಜಿನ್ ಓಡದಿದ್ದರೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟೇರಿಂಗೂ ಜಾಸ್ತಿ ಭಾರ. ಹಾಗಾಗಿ ಕಾಲಿನಲ್ಲಿ ಬಲ ಇರುವವರೇ ಒಳಗೆ ಕೂರಲಿ. ಮಕ್ಕಳು ಮುಂದೆ ನಿಲ್ಲದಂತೆ ದಯವಿಟ್ಟು ನೋಡಿಕೊಳ್ಳಿ.

ಗೇಟಿನಿಂದಾಚೆ ಹಗ್ಗ ಕಟ್ಟಿ ಎಳೆಸಬೇಡಿ. ಇಂಜಿನ್ ನಿಂತಾಗ ಗೇರ್‌ಬಾಕ್ಸಿನ ಆಯಿಲ್ ಪಂಪೂ ನಿಂತಿರುತ್ತದೆ. ಚಕ್ರ ತಿರುಗುತ್ತಾ ಹೋದರೆ ಒಳಗೆ ಸವೆದು ಹಾಳಾಗುತ್ತದೆ. ಕಾರನ್ನು ಮೇಲೇರಿಸಿಕೊಂಡು ಒಯ್ಯುವ ಫ್ಲಾಟ್‌ಬೆಡ್ ಗಾಡಿಯನ್ನೇ ಕರೆಸಿ.