ಪುಡಿಗೆ ಉಪ್ಪು ಬೇಡ, ಮಾಂಸಕ್ಕೆ ಹಾಕಿ

ನಮಸ್ಕಾರ ಸರ್. ಒಣ ಮಸಾಲೆ ಸವರಿ ಕೆಂಡದ ಮೇಲಿಟ್ಟ ಕೋಳಿ ಹೊರಗೆ ಕರಕಲು, ಒಳಗೆ ಸಪ್ಪೆ, ಉಳಿದ ಪುಡಿ ವಾರದಲ್ಲೇ ಗಂಟು ಅಂತ ಬರೆದಿದ್ದೀರಿ. ನಿಮ್ಮ ಅಳತೆ ನೋಡಿದೆ. ಉಪ್ಪು, ಬೆಲ್ಲದ ಪುಡಿ, ಬೆಳ್ಳುಳ್ಳಿ ಪುಡಿ ಎಲ್ಲಾ ಒಂದೇ ಬಾಟಲಿಗೆ ಹಾಕಿದ್ದೀರಿ. ತೊಂದರೆ ಅಲ್ಲೇ ಇರೋದು.

ಬೆಲ್ಲ, ಬೆಳ್ಳುಳ್ಳಿ ಪುಡಿ ಎರಡೂ ಜೋರು ಕೆಂಡಕ್ಕೆ ಬೇಗ ಸೀದು ಕಹಿಯಾಗುತ್ತವೆ. ಅಮೆರಿಕದವರು ಹಂದಿ ಮಾಂಸಕ್ಕೆ ಸಕ್ಕರೆ ಸವರುತ್ತಾರೆ, ನಿಜ. ಆದರೆ ಅವರು 110-120 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಹೊಗೆಗೆ ಇಟ್ಟು ಬೇಯಿಸುತ್ತಾರೆ. ನಮ್ಮದು ಮುಕ್ಕಾಲು ಗಂಟೆಯ ಕೆಲಸ. ಬೆಲ್ಲ, ಬೆಳ್ಳುಳ್ಳಿ ಪುಡಿ ಎರಡನ್ನೂ ಬಿಟ್ಟುಬಿಡಿ.

ಇನ್ನು ಉಪ್ಪು. ಮಸಾಲೆಯ ರುಚಿ ಹೆಚ್ಚಾಗಿ ಮೇಲೇ ಉಳಿಯುತ್ತದೆ, ಆಳಕ್ಕೆ ಇಳಿಯೋದು ಉಪ್ಪು ಮಾತ್ರ. ಅದಕ್ಕೂ ಟೈಮ್ ಬೇಕು. ಒಂದು ಕೆಜಿ ಕೋಳಿಗೆ 15 ಗ್ರಾಂ ಉಪ್ಪು ತೂಗಿ, ಹಿಂದಿನ ರಾತ್ರಿಯೇ ಸವರಿ, ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಮುಚ್ಚದೆ ಇಡಿ. ಮೊದಲು ನೀರು ಬಿಡುತ್ತದೆ, ಆಮೇಲೆ ಅದೇ ಉಪ್ಪುನೀರು ವಾಪಸ್ ಒಳಗೆ ಹೋಗುತ್ತದೆ. ಬೆಳಗ್ಗೆ ಮುಟ್ಟಿ ನೋಡಿ, ಚರ್ಮ ಒಣಗಿ ಕಾಗದದ ಹಾಗೆ ಬಿಗಿಯಾಗಿರುತ್ತದೆ. ಉಪ್ಪಿಲ್ಲದ ಪುಡಿ ಅಷ್ಟು ಬೇಗ ಗಂಟೂ ಕಟ್ಟಲ್ಲ.

ನಾನು ಮಾಡೋ ಪುಡಿ ಕೊಡಗಿನ ಹಂದಿ ಕರಿ ಮಸಾಲೆಯ ದಾರಿಯದು. ಕೊತ್ತಂಬರಿ ಬೀಜ 4 ದೊಡ್ಡ ಚಮಚ, ಕಾಳುಮೆಣಸು 2, ಜೀರಿಗೆ 1, ಸಾಸಿವೆ ಒಂದು ಟೀ ಚಮಚ, ಮೆಂತ್ಯ ಕಾಲು ಟೀ ಚಮಚ. ಬಣ್ಣಕ್ಕೆ ಅಂತ ಎಂಟು ಬ್ಯಾಡಗಿ ಮೆಣಸಿನಕಾಯಿ ಹಾಕ್ತೀನಿ, ಅದು ಅಲ್ಲಿಯ ಕ್ರಮ ಅಲ್ಲ, ನನ್ನ ಚಾಳಿ. ದಪ್ಪ ಬಾಣಲೆಯಲ್ಲಿ, ಸಣ್ಣ ಉರಿಯಲ್ಲಿ, ಒಂದೊಂದನ್ನೇ ಬೇರೆ ಬೇರೆ ಹುರಿಯಿರಿ. ಒಟ್ಟಿಗೆ ಸುರಿದರೆ ಕೊತ್ತಂಬರಿ ಹದಕ್ಕೆ ಬರುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ಕೊಡಗಿನಲ್ಲಿ ಕರಿಗೆ ಹೆಚ್ಚುಕಡಿಮೆ ಕಪ್ಪಾಗುವವರೆಗೆ ಹುರಿಯುತ್ತಾರೆ. ನೀವು ಕಾಫಿಪುಡಿ ಬಣ್ಣ ಬರುವ ಮೊದಲೇ ಇಳಿಸಿ. ಉಳಿದದ್ದನ್ನು ಕೆಂಡ ನೋಡಿಕೊಳ್ಳುತ್ತದೆ.

ಪೂರ್ತಿ ಆರಿದ ಮೇಲೆಯೇ ಮಿಕ್ಸಿಗೆ ಹಾಕಿ. ನಾನೊಮ್ಮೆ ಅವಸರದಲ್ಲಿ ಬಿಸಿ ಇರುವಾಗಲೇ ಪುಡಿ ಮಾಡಿ ಬಾಟಲಿ ಮುಚ್ಚಿದೆ, ಬೆಳಗ್ಗೆ ಮುಚ್ಚಳದ ಒಳಗೆ ನೀರಿನ ಹನಿ! ನುಣ್ಣಗೆ ಮಾಡಬೇಡಿ, ತರಿತರಿಯಾಗಿರಲಿ. ಕೊನೆಗೆ ಒಂದು ಟೀ ಚಮಚ ಅರಿಶಿನ.

ಕೆಜಿಗೆ ಎರಡು-ಮೂರು ದೊಡ್ಡ ಚಮಚ ಪುಡಿ ಸಾಕು. ಬೇಕಾದಷ್ಟನ್ನು ಮೊದಲೇ ಬಟ್ಟಲಿಗೆ ತೆಗೆದಿಟ್ಟುಕೊಳ್ಳಿ, ಹಸಿ ಮಾಂಸ ಮುಟ್ಟಿದ ಕೈ ಬಾಟಲಿಗೆ ಹೋಗಲೇಬಾರದು. ಕೋಳಿಗೆ ತೆಳ್ಳಗೆ ಎಣ್ಣೆ ಸವರಿ ಪುಡಿ ಒತ್ತಿ. ಉಜ್ಜಿದರೆ ಕೈಗೇ ಜಾಸ್ತಿ ಅಂಟುತ್ತದೆ. ಕೆಂಡವನ್ನೆಲ್ಲ ಒಂದು ಪಕ್ಕಕ್ಕೆ ತಳ್ಳಿ, ತೊಡೆ ತುಂಡುಗಳನ್ನು ಇನ್ನೊಂದು ಪಕ್ಕ ಇಟ್ಟು ಮುಚ್ಚಿ ಬೇಯಿಸಿ, ಬಣ್ಣಕ್ಕೆ ಮಾತ್ರ ಕೊನೆಗೆ ಕೆಂಡದ ಮೇಲೆ ತನ್ನಿ. ಥರ್ಮಾಮೀಟರ್ ಇದ್ದರೆ ಮೂಳೆಗೆ ತಾಗಿಸದೆ ಚುಚ್ಚಿ, ಒಳಗೆ 74 ಡಿಗ್ರಿ ಬರಬೇಕು. ಇಳಿಸಿದ ಮೇಲೆ ಎರಡು ಹನಿ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಸವರಿ. ಸಿಗದಿದ್ದರೆ ನಿಂಬೆಹಣ್ಣು.

ಆ ಗಂಟಾದ ಹಳೇ ಪುಡಿಗೆ ಹಸಿ ಮಾಂಸದ ಕೈ ಹಾಕಿದ್ದರೆ, ಇಲ್ಲವೇ ಬೂಸಲು ಹಿಡಿದಿದ್ದರೆ, ಎಸೆಯಿರಿ. ಇಲ್ಲದಿದ್ದರೆ ಬೇಳೆಸಾರಿಗೆ ಹಾಕಿ ಮುಗಿಸಿ. ಬೆಲ್ಲ ಹೇಗೂ ಇದೆಯಲ್ವಾ. ಉಪ್ಪು ಮಾತ್ರ ನೋಡಿಕೊಂಡು ಹಾಕಿ.